ತಾನೇ ಓಡುವ ಕಾರು ನಮ್ಮ ಘಾಟಿಯಲ್ಲಿ ಅಪಘಾತ ಮಾಡಿದರೆ ಹೊಣೆ ಯಾರದು?

ಕುಶಾಲನಗರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ವಾರಾಂತ್ಯದಲ್ಲಿ ಬೆಂಗಳೂರು, ಮೈಸೂರುಗಳಿಂದ ಬಂದು ಕುಶಾಲನಗರ ದಾಟಿ ಮಡಿಕೇರಿಯತ್ತ ಏರುವ ಹೊಸ ಕಾರುಗಳಲ್ಲಿ ಹಲವಕ್ಕೆ ರಸ್ತೆಯ ಗೆರೆಯನ್ನು ನೋಡಿಕೊಂಡು ತಾವೇ ಸ್ಟಿಯರಿಂಗ್ ತಿರುಗಿಸುವ, ಮುಂದಿನ ವಾಹನ ನಿಧಾನಿಸಿದರೆ ತಾವೇ ಬ್ರೇಕ್ ಹಾಕುವ ಸೌಲಭ್ಯವಿದೆ. ನನ್ನ ಅಕ್ಕನ ಮಗನೂ ಇತ್ತೀಚೆಗೆ ಅಂಥದೊಂದು ಕಾರು ಕೊಂಡಿದ್ದಾನೆ. “ಚಿಕ್ಕಮ್ಮ, ಹೆದ್ದಾರಿಯಲ್ಲಿ ಇನ್ನು ಕಾರೇ ಓಡಿಸಿಕೊಳ್ಳುತ್ತದೆ, ನಾನು ಸುಮ್ಮನೆ ಕುಳಿತಿದ್ದರೆ ಸಾಕು” ಎಂದು ಅವನು ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅಂಗಡಿಯವರು ಅವನಿಗೆ ಹಾಗೆಯೇ ಹೇಳಿ ಮಾರಿದರಂತೆ.

ನಮ್ಮ ಶಾಲೆಯ ಮಕ್ಕಳು ಬೆಳಿಗ್ಗೆ ಮತ್ತು ಸಂಜೆ ಪಾದಚಾರಿ ಮಾರ್ಗವೇ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಾರೆ. ಆದುದರಿಂದ ಕಾರಿನೊಳಗೆ ಕುಳಿತವರಿಗಿಂತ ಹೆಚ್ಚಾಗಿ ಕಾರಿನ ಮುಂದೆ ಇರುವವರ ಸ್ಥಾನದಲ್ಲಿ ನಿಂತು ಈ ಪ್ರಶ್ನೆ ಕೇಳುತ್ತಿದ್ದೇನೆ. ಇಂಥ ವಾಹನಗಳು ನಿಜವಾಗಿ ಸುರಕ್ಷಿತವೇ? ಕಾರು ತಾನಾಗಿ ಚಲಿಸುತ್ತಿರುವಾಗ ಒಬ್ಬ ಪಾದಚಾರಿಗೆ ಡಿಕ್ಕಿಯಾದರೆ ಉತ್ತರ ಹೇಳಬೇಕಾದವರು ಸೀಟಿನಲ್ಲಿ ಕುಳಿತವರೋ, ಕಾರಿನ ಮಾಲೀಕರೋ, ತಯಾರಿಸಿದ ಕಂಪನಿಯೋ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ

ಮೇಡಂ, ನಾನು ವಾಹನಗಳ ಸೆನ್ಸರ್ ಸಂಬಂಧಿತ ತಂತ್ರಾಂಶದ ಕೆಲಸದಲ್ಲಿರುವವನು. ಮೊದಲಿಗೆ, ತಮ್ಮ ಅಕ್ಕನ ಮಗನ ಕಾರು ತಾನೇ ಓಡುವ ಕಾರಲ್ಲ. ಅಮೆರಿಕದ ಎಸ್‌ಎಇ ಎಂಬ ಇಂಜಿನಿಯರುಗಳ ಸಂಸ್ಥೆ 2014ರಲ್ಲಿ ವಾಹನಗಳ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿತು. ಇಂದು ನಮ್ಮ ದೇಶದಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರಾಟವಾಗುವ ಇಂಥ ಕಾರುಗಳು ಹೆಚ್ಚೆಂದರೆ ಎರಡನೆಯ ಹಂತದವು. ಆ ಹಂತದಲ್ಲಿ ಸ್ಟಿಯರಿಂಗ್, ವೇಗ, ಬ್ರೇಕ್ ಮೂರನ್ನೂ ಕಾರು ನಿರ್ವಹಿಸಿದರೂ ಚಾಲಕ ಒಂದು ಕ್ಷಣವೂ ರಸ್ತೆಯಿಂದ ಕಣ್ಣು ತೆಗೆಯುವಂತಿಲ್ಲ. ಚಾಲನೆ ಕಲಿಯುತ್ತಿರುವವನ ಪಕ್ಕದಲ್ಲಿ ಕುಳಿತ ಗುರುವಿನಷ್ಟು ಎಚ್ಚರ ಅವನಲ್ಲಿ ಇರಬೇಕು. ಮೂರನೆಯ ಹಂತದಲ್ಲಿ ಕಾರು ಕರೆದಾಗ ಚಾಲಕ ಮತ್ತೆ ಹಿಡಿತಕ್ಕೆ ತೆಗೆದುಕೊಳ್ಳಬೇಕು. ನಾಲ್ಕನೆಯ ಹಂತದಲ್ಲಿ, ಗೊತ್ತುಪಡಿಸಿದ ಪ್ರದೇಶದೊಳಗೆ, ಚಾಲಕನೇ ಬೇಕಿಲ್ಲ.

ಸುರಕ್ಷತೆಯ ಪ್ರಶ್ನೆಗೆ ಹಂತವನ್ನು ಬಿಟ್ಟು ಉತ್ತರ ಹೇಳಲಾಗದು. ನಾಲ್ಕನೆಯ ಹಂತದ ವೇಮೋ ಕಂಪನಿಯ ಟ್ಯಾಕ್ಸಿಗಳು ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ಮೊದಲಾದ ನಗರಗಳಲ್ಲಿ ಚಾಲಕರಿಲ್ಲದೆ ಓಡುತ್ತಿವೆ. ಆ ಕಂಪನಿ ಮತ್ತು ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸ್ವಿಸ್ ರೀ ಎಂಬ ಮರುವಿಮಾ ಸಂಸ್ಥೆ ಸೇರಿ 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2.53 ಕೋಟಿ ಮೈಲಿಗಳ ಓಡಾಟದಲ್ಲಿ ಆಸ್ತಿ ಹಾನಿಯ ವಿಮಾ ಕ್ಲೇಮುಗಳು ಮನುಷ್ಯ ಚಾಲಕರಿಗೆ ಹೋಲಿಸಿದರೆ ಶೇ. 88ರಷ್ಟು, ದೈಹಿಕ ಗಾಯದ ಕ್ಲೇಮುಗಳು ಶೇ. 92ರಷ್ಟು ಕಡಿಮೆಯಿದ್ದವು. ಇದು ಕಡೆಗಣಿಸುವಂಥ ಫಲಿತಾಂಶವಲ್ಲ. ಆದರೆ ಅಧ್ಯಯನದಲ್ಲಿ ಕಂಪನಿಯೇ ಪಾಲುದಾರ. ಅಲ್ಲದೆ ಆ ನಗರಗಳ ಬೀದಿಗಳನ್ನು ಮೊದಲೇ ಸೂಕ್ಷ್ಮವಾಗಿ ನಕ್ಷೆ ಮಾಡಿಕೊಂಡು, ಹೆಚ್ಚಿನ ದಿನಗಳಲ್ಲಿ ಒಳ್ಳೆಯ ಹವಾಮಾನವಿರುವ ಕಡೆ ಅವು ಓಡಿವೆ. ಆ ಅಂಕಿಗಳನ್ನು ಎತ್ತಿ ಸಂಪಾಜೆ ಘಾಟಿಗೆ ತಂದಿಡಲು ಬರುವುದಿಲ್ಲ.

ಮರಣದ ಪ್ರಮಾಣದ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮನುಷ್ಯ ಚಾಲಕರಷ್ಟಾದರೂ ಸುರಕ್ಷಿತವೆಂದು ಅಂಕಿಅಂಶಗಳ ಮೂಲಕ ಸಿದ್ಧಪಡಿಸಬೇಕಾದರೆ ಇಂಥ ಕಾರುಗಳು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ ಸುಮಾರು 44 ಕೋಟಿ ಕಿಲೋಮೀಟರ್ ಓಡಬೇಕೆಂದು ಅಮೆರಿಕದ ಸಂಶೋಧನಾ ಕೇಂದ್ರವಾದ ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು.

ಗಾಳಿಬೀಡಿನ ಜೀಪು ಚಾಲಕ

ಇಂಜಿನಿಯರ್ ಸಾಹೇಬರು ವಿವರವಾಗಿ ತಿಳಿಸಿದ್ದಾರೆ, ಧನ್ಯವಾದ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ನಮಗೆ ಗೊತ್ತಿರುವ ರಸ್ತೆಯೇ ಬೇರೆ. ಅಲ್ಲಿ ಗೆರೆಯೂ ಇಲ್ಲ, ಅಂಚೂ ಇಲ್ಲ. ಎದುರಿನಿಂದ ಮತ್ತೊಂದು ಜೀಪು ಬಂದರೆ ಯಾರು ಹಿಂದಕ್ಕೆ ಹೋಗಬೇಕೆಂಬುದನ್ನು ನಾವು ಕೈಸನ್ನೆಯಲ್ಲಿ, ಕೆಲವೊಮ್ಮೆ ಮುಖ ನೋಡಿಯೇ ತೀರ್ಮಾನಿಸುತ್ತೇವೆ. ಇಕ್ಕಟ್ಟಾದ ಏರಿನಲ್ಲಿ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಕಾನೂನಿನಲ್ಲೂ ಇದೆ, ನಮ್ಮ ರೂಢಿಯಲ್ಲೂ ಇದೆ. ಆದರೆ ಹತ್ತುವವನ ಹಿಂದೆ ಜಾಗವಿದ್ದು ಇಳಿಯುವವನ ಹಿಂದೆ ಪ್ರಪಾತವಿದ್ದರೆ ಆ ನಿಯಮವನ್ನು ಸಡಿಲಿಸುವುದು ಚಾಲಕರ ವಿವೇಕ. ಈ ವಿವೇಕವನ್ನು ಯಂತ್ರಕ್ಕೆ ಯಾರು ಕಲಿಸುತ್ತಾರೆ, ಅದು ತಪ್ಪಿದರೆ ಯಾರನ್ನು ಕೇಳಬೇಕು ಎಂಬುದೇ ನನ್ನ ಪ್ರಶ್ನೆಯೂ ಆಗಿದೆ.

ಸಿದ್ದಾಪುರದ ಕಾಫಿ ಬೆಳೆಗಾರ

ಜೀಪು ಚಾಲಕರು ಹೇಳಿದ ಮಾತಿಗೆ ನಮ್ಮ ಕಡೆಯ ಒಂದು ವಿಷಯವನ್ನು ಸೇರಿಸುತ್ತೇನೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಭಾಗದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆ ಯಾವ ತಿರುವಿನಲ್ಲಿ ನಿಂತಿರುತ್ತದೆಂದು ಹೇಳಲಾಗದು. ಬೂದುಬಣ್ಣದ ಆನೆ, ಎರಡೂ ಬದಿಯ ಮರಗಳ ನೆರಳು, ಬೀದಿದೀಪವಿಲ್ಲದ ಡಾಂಬರು ರಸ್ತೆ, ಇವು ಮೂರೂ ಸೇರಿದಾಗ ಅನುಭವವುಳ್ಳ ಚಾಲಕನಿಗೇ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಕಂಡ ಮೇಲೆ ಏನು ಮಾಡಬೇಕೆಂಬುದು ಇನ್ನೂ ಕಷ್ಟದ ವಿಷಯ. ದೂರದಲ್ಲೇ ನಿಲ್ಲಿಸಬೇಕು, ಹಾರ್ನ್ ಮಾಡಬಾರದು, ದೀಪವನ್ನು ತಗ್ಗಿಸಬೇಕು, ಮರಿ ಹಿಂದುಳಿದಿದೆಯೇ ಎಂದು ನೋಡಬೇಕು. ಆನೆ ಕಿವಿ ಅಗಲಿಸಿ ಮುಂದೆ ಬಂದರೆ ಹಿಂದಕ್ಕೆ ಸರಿಯಲು ದಾರಿ ಇಟ್ಟುಕೊಂಡಿರಬೇಕು.

2017ರಲ್ಲಿ ವೋಲ್ವೋ ಕಂಪನಿ ಆಸ್ಟ್ರೇಲಿಯಾದಲ್ಲಿ ತನ್ನ ಪ್ರಾಣಿ ಗುರುತಿಸುವ ವ್ಯವಸ್ಥೆಯನ್ನು ಪರೀಕ್ಷಿಸಿದಾಗ ಅದು ಕಾಂಗರೂಗಳನ್ನು ಕಂಡು ಗೊಂದಲಗೊಂಡದ್ದನ್ನು ಓದಿದ್ದೆ. ಸ್ವೀಡನ್ನಿನ ಕಡವೆಜಾತಿಯ ಪ್ರಾಣಿಗಳನ್ನು ನೋಡಿ ಕಲಿತಿದ್ದ ಆ ವ್ಯವಸ್ಥೆ ನೆಲವನ್ನು ಆಧಾರವಾಗಿಟ್ಟುಕೊಂಡು ಪ್ರಾಣಿಯ ದೂರವನ್ನು ಅಳೆಯುತ್ತಿತ್ತು. ಜಿಗಿಯುತ್ತಿರುವ ಕಾಂಗರೂ ನೆಲ ಬಿಟ್ಟಾಗ ದೂರವಿದ್ದಂತೆಯೂ ನೆಲ ಮುಟ್ಟಿದಾಗ ಹತ್ತಿರವಿದ್ದಂತೆಯೂ ಅದಕ್ಕೆ ತೋರುತ್ತಿತ್ತು. ಸುರಕ್ಷತೆಗೆ ಹೆಸರಾದ ಕಂಪನಿಗೇ ಒಂದು ದೇಶದ ಪ್ರಾಣಿಗಳಿಂದ ಕಲಿತದ್ದು ಇನ್ನೊಂದು ದೇಶದಲ್ಲಿ ಸಾಲದೆ ಹೋಯಿತು. ನಮ್ಮ ಆನೆ, ಕಾಟಿ, ಹಂದಿ, ರಾತ್ರಿ ರಸ್ತೆಯ ಮೇಲೆಯೇ ಮಲಗುವ ದನಗಳು, ಇವನ್ನೆಲ್ಲ ನಮ್ಮ ರಸ್ತೆಗಳಲ್ಲಿ, ನಮ್ಮ ಮಳೆಯಲ್ಲಿ ಪರೀಕ್ಷಿಸದೆ ಯಾವ ಕಾರಿಗೂ ಇಲ್ಲಿ ತಾನಾಗಿ ಓಡಲು ಅನುಮತಿ ಕೊಡಕೂಡದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ

ಬೆಳೆಗಾರರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮಂಜಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಸುತ್ತ ಅದೇ ದೊಡ್ಡ ಸಮಸ್ಯೆ. ಕ್ಯಾಮೆರಾ ಮಂಜಿನಲ್ಲಿ ನಮ್ಮ ಕಣ್ಣಿನಷ್ಟೇ ಅಸಹಾಯಕ. ಲೇಸರ್ ಕಿರಣಗಳಿಂದ ದೂರ ಅಳೆಯುವ ಲೈಡಾರ್‌ನ ಬೆಳಕು ನೀರಿನ ಹನಿಗಳಿಗೆ ತಗುಲಿ ಚದುರಿಹೋಗುತ್ತದೆ. ರಾಡಾರ್ ಮಂಜನ್ನು ದಾಟಿ ಹೋಗುತ್ತದೆ, ಆದರೆ ಅದರ ಚಿತ್ರ ಸ್ಥೂಲವಾದದ್ದು. ಮೇಲಾಗಿ, ರಸ್ತೆಬದಿಯ ಕಂಬ, ಫಲಕ, ಮೋರಿಗಳಿಗೆಲ್ಲ ಬ್ರೇಕ್ ಹಾಕಿಕೊಂಡು ಕೂರಬಾರದೆಂದು ನಿಶ್ಚಲ ವಸ್ತುಗಳಿಂದ ಬರುವ ಸಂಕೇತಗಳನ್ನು ಹಲವು ವ್ಯವಸ್ಥೆಗಳು ಕಡೆಗಣಿಸುತ್ತವೆ. ತಿರುವಿನಲ್ಲಿ ಕೆಟ್ಟು ನಿಂತ ಲಾರಿಯೂ ಆ ನಿಶ್ಚಲ ವಸ್ತುಗಳಲ್ಲಿ ಒಂದಾಗಬಹುದು. ಮಂಜು, ಧೂಳು, ಸೂರ್ಯನ ಪ್ರಖರ ಬೆಳಕುಗಳಲ್ಲಿ ಸಂಭವಿಸಿದ ಅಪಘಾತಗಳ ಕಾರಣಕ್ಕೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಟೆಸ್ಲಾ ಕಂಪನಿಯ ಸುಮಾರು 24 ಲಕ್ಷ ಕಾರುಗಳ ಬಗ್ಗೆ ತನಿಖೆ ಆರಂಭಿಸಿತು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ತನಗೆ ದಾರಿ ತಿಳಿಯದಾದಾಗ ಇಂಥ ಕಾರು ಮಾಡಬೇಕಾದ ಕೊನೆಯ ಕೆಲಸವೆಂದರೆ ಸುರಕ್ಷಿತವಾಗಿ ನಿಲ್ಲುವುದು. ಮೂರನೆಯ ಹಂತದ ಕಾರುಗಳ ಬಗ್ಗೆ 2021ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ 157ನೆಯ ನಿಯಮಾವಳಿಯ ಪ್ರಕಾರ, ಚಾಲಕನನ್ನು ಕರೆದು 10 ಸೆಕೆಂಡುಗಳಾದರೂ ಆತ ಹಿಡಿತಕ್ಕೆ ತೆಗೆದುಕೊಳ್ಳದಿದ್ದರೆ ಕಾರು ನಿಧಾನಿಸಿ ನಿಲ್ಲುವ ಕ್ರಮಕ್ಕೆ ಇಳಿಯಬಹುದು. ಅಗಲವಾದ ಹೆದ್ದಾರಿಗೆ ಇದು ಸರಿ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ದಟ್ಟ ಮಂಜಿನಲ್ಲಿ, ಹಿಂದೆ ತುಂಬಿದ ಲಾರಿ ಇಳಿದು ಬರುತ್ತಿರುವಾಗ ನಿಲ್ಲುವುದೇ ಅಪಘಾತಕ್ಕೆ ಕಾರಣವಾಗಬಲ್ಲದು. ಆನೆಯ ಮುಂದೆ ನಿಂತುಬಿಡುವುದೂ ಹಾಗೆಯೇ.

ಪೊನ್ನಂಪೇಟೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಹಿರಿಯರೆಲ್ಲರ ಅನುಭವಕ್ಕೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಾವು ಯಂತ್ರದ ದೋಷಗಳನ್ನು ಎಣಿಸುತ್ತಿದ್ದೇವೆ, ಆದರೆ ಮನುಷ್ಯ ಚಾಲಕನ ಲೆಕ್ಕವನ್ನು ಯಾರೂ ಮುಂದಿಡಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇವು ಬಹುಪಾಲು ಮನುಷ್ಯರೇ ಓಡಿಸಿದ ವಾಹನಗಳಿಂದ ಆದ ಸಾವುಗಳು. ಕುಡಿದು ಓಡಿಸುವವರು, ಮೊಬೈಲ್ ನೋಡುತ್ತ ಓಡಿಸುವವರು, ರಾತ್ರಿಯಿಡೀ ನಿದ್ದೆಗೆಟ್ಟು ಪ್ರವಾಸಕ್ಕೆ ಬರುವವರು, ತಿರುವಿನಲ್ಲಿ ಓವರ್‌ಟೇಕ್ ಮಾಡುವವರು, ಇವರನ್ನು ನಾವು ಪ್ರತಿ ವಾರವೂ ಗೋಣಿಕೊಪ್ಪ ರಸ್ತೆಯಲ್ಲಿ ನೋಡುತ್ತೇವೆ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ.

ಪರಿಪೂರ್ಣವಾಗುವವರೆಗೆ ಬೇಡವೆಂದು ಕಾಯುವುದರಿಂದಲೂ ಜೀವಗಳು ಹೋಗುತ್ತವೆ, ಆದರೆ ಆ ಸಾವುಗಳಿಗೆ ಯಾರೂ ಹೊಣೆಗಾರರಾಗುವುದಿಲ್ಲ. ಅಪಾಯ ಕಂಡಾಗ ತಾನಾಗಿ ಬ್ರೇಕ್ ಹಾಕುವ ಸೌಲಭ್ಯವೊಂದನ್ನೇ ತೆಗೆದುಕೊಂಡರೂ ಒಬ್ಬ ಪಾದಚಾರಿಯ ಜೀವ ಉಳಿಸಬಹುದು. ಅದನ್ನು ಭಯದಿಂದ ದೂರವಿಡುವುದು ಸರಿಯಲ್ಲ.

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ

ತಂಗಿ, ನಿನ್ನ ವಾದದ ಮುಖ್ಯಾಂಶ ಸರಿಯಾಗಿದೆ. ತುರ್ತು ಬ್ರೇಕ್ ವ್ಯವಸ್ಥೆಯ ಬಗ್ಗೆ ನನ್ನ ಆಕ್ಷೇಪವೂ ಇಲ್ಲ. ಆದರೆ ಮನುಷ್ಯನನ್ನು ತೆಗೆದುಹಾಕಿದರೆ ಮನುಷ್ಯನ ತಪ್ಪುಗಳೆಲ್ಲ ಹೋಗುತ್ತವೆಂಬ ಲೆಕ್ಕ ಅಷ್ಟು ಸರಳವಲ್ಲ. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ 2020ರಲ್ಲಿ ಅಪಘಾತಗಳ ಕಾರಣಗಳನ್ನು ವಿಂಗಡಿಸಿ ನೋಡಿದಾಗ, ಸರಿಯಾಗಿ ನೋಡದಿರುವುದು ಮತ್ತು ಚಾಲಕನ ಅಶಕ್ತತೆ ಇವೆರಡರಿಂದ ಆದವು ಮೂರನೆಯ ಒಂದು ಭಾಗದಷ್ಟು ಮಾತ್ರ. ಉಳಿದವನ್ನು ತಪ್ಪಿಸಬೇಕಾದರೆ ಪ್ರಯಾಣಿಕನಿಗೆ ಅವಸರವಿದ್ದರೂ ಕಾರು ವೇಗಮಿತಿಯನ್ನು ಮೀರಕೂಡದೆಂದು ವಿನ್ಯಾಸಕಾರರೇ ತೀರ್ಮಾನಿಸಬೇಕು. ಅಂದರೆ ತಪ್ಪು ಮಾಡುವ ಅವಕಾಶ ಸ್ಟಿಯರಿಂಗ್ ಹಿಡಿದವನ ಕೈಯಿಂದ ತಂತ್ರಾಂಶ ಬರೆಯುವವನ ಮೇಜಿಗೆ ವರ್ಗವಾಗುತ್ತದೆ. ಹೊಣೆಯೂ ಅದರೊಂದಿಗೆ ವರ್ಗವಾಗಬೇಕು. ಈ ಉದ್ಯಮದಲ್ಲಿದ್ದುಕೊಂಡೇ ನಾನು ಈ ಮಾತನ್ನು ಹೇಳುತ್ತಿದ್ದೇನೆ.

ವಿರಾಜಪೇಟೆಯ ವಕೀಲರು

ಚರ್ಚೆ ಈಗ ಕಾನೂನಿನ ಬಾಗಿಲಿಗೆ ಬಂದಿರುವುದರಿಂದ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

1988ರ ಮೋಟಾರು ವಾಹನ ಕಾಯ್ದೆ ಮನುಷ್ಯ ಚಾಲಕನಿದ್ದಾನೆಂಬ ನಂಬಿಕೆಯ ಮೇಲೆ ನಿಂತಿದೆ. ಪರವಾನಗಿಯಿಲ್ಲದೆ ಯಾವ ವ್ಯಕ್ತಿಯೂ ವಾಹನ ಓಡಿಸಕೂಡದೆಂದು ಅದರ 3ನೆಯ ಕಲಮು ಹೇಳುತ್ತದೆ. ಹೊಸ ಸಂಶೋಧನೆಗೆ ಉತ್ತೇಜನ ನೀಡಲು ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದೆಂದು 2019ರ ತಿದ್ದುಪಡಿಯಲ್ಲಿ 2ಬಿ ಕಲಮನ್ನು ಸೇರಿಸಲಾಗಿದೆ, ಆದರೆ ಅಪಘಾತದ ಹೊಣೆಯನ್ನು ಹೇಗೆ ಹಂಚಬೇಕೆಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣಕ್ಕೆ ಚಾಲಕರಹಿತ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲವೆಂದು ಸಚಿವ ನಿತಿನ್ ಗಡ್ಕರಿಯವರು ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದಾರೆ. ಅದು ನೀತಿಯ ಮಾತು. ಈಗಾಗಲೇ ರಸ್ತೆಯಲ್ಲಿರುವ ಎರಡನೆಯ ಹಂತದ ಕಾರುಗಳಿಗೆ ಅದು ಸಂಬಂಧಿಸುವುದಿಲ್ಲ.

ಹಾಗಾದರೆ ಇಂದು ಅಂಥ ಕಾರು ಒಬ್ಬರಿಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ? ಕ್ರಿಮಿನಲ್ ಹೊಣೆ ಸೀಟಿನಲ್ಲಿದ್ದ ಚಾಲಕನದೇ. ಸಹಾಯಕ ವ್ಯವಸ್ಥೆ ಚಾಲನೆಯಲ್ಲಿತ್ತೆಂಬುದು ಅವನಿಗೆ ರಕ್ಷೆಯಾಗದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ. “ಕಾರು ತಾನೇ ಓಡುತ್ತಿತ್ತು” ಎಂಬ ಮಾತು ನ್ಯಾಯಾಲಯದಲ್ಲಿ ಅವನು ರಸ್ತೆ ನೋಡುತ್ತಿರಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗಿ ಪರಿಣಮಿಸುವ ಸಾಧ್ಯತೆಯೇ ಹೆಚ್ಚು.

ಪರಿಹಾರದ ವಿಷಯ ಬೇರೆ, ಮತ್ತು ಇಲ್ಲಿ ನಮ್ಮ ಕಾನೂನು ನಾವು ಅಂದುಕೊಂಡಷ್ಟು ಬಡವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 164ನೆಯ ಕಲಮಿನ ಪ್ರಕಾರ ಯಾರ ತಪ್ಪೆಂದು ರುಜುವಾತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ಮಾಲೀಕರಿಂದ ಅಥವಾ ವಿಮಾ ಕಂಪನಿಯಿಂದ ಪಡೆಯಬಹುದು. ಅದಕ್ಕಿಂತ ಹೆಚ್ಚಿನ ಪರಿಹಾರಕ್ಕೆ 166ನೆಯ ಕಲಮಿನಡಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ಚಾಲಕನೇ ಇಲ್ಲದಿದ್ದರೆ ಯಾರ ನಿರ್ಲಕ್ಷ್ಯವೆಂಬ ತೊಡಕು ಬರುವುದು ಇಲ್ಲಿ. ಆದರೆ 2001ರಲ್ಲಿ ಕೌಶ್ನುಮಾ ಬೇಗಂ ಪ್ರಕರಣದಲ್ಲಿ, ಜೀಪಿನ ಟೈರು ಸಿಡಿದು ಪಾದಚಾರಿಯೊಬ್ಬರು ಸತ್ತಾಗ, ಚಾಲಕನ ನಿರ್ಲಕ್ಷ್ಯವಿಲ್ಲದಿದ್ದರೂ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಪಾಯಕಾರಿ ವಸ್ತುವನ್ನು ಹೊರತಂದವರು ತಪ್ಪಿರಲಿ ಬಿಡಲಿ ಅದರ ಹಾನಿಗೆ ಉತ್ತರ ಹೇಳಬೇಕೆಂಬ ತತ್ವ ಅದು. ಟೈರು ಸಿಡಿದದ್ದಕ್ಕೆ ಅನ್ವಯಿಸಿದ ಆ ತತ್ವ ತಂತ್ರಾಂಶ ಕೆಟ್ಟದ್ದಕ್ಕೂ ಅನ್ವಯಿಸಬೇಕೆಂದು ವಾದಿಸಲು ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ದಾರಿ 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿದೆ. ಪರವಾನಗಿಯ ಲೋಪದಂಥ ಕಾರಣಗಳಿದ್ದರೂ ವಿಮಾ ಕಂಪನಿ ಮೊದಲು ಸಂತ್ರಸ್ತನಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಬ್ರಿಟನ್ 2018ರ ಕಾಯ್ದೆಯಲ್ಲಿ ಸ್ವಯಂಚಾಲಿತ ವಾಹನಗಳಿಗೆ ಇದೇ ಬಗೆಯ ವ್ಯವಸ್ಥೆ ಮಾಡಿತು. ವಿಮಾ ಕಂಪನಿ ಮೊದಲು ಕೊಡುತ್ತದೆ, ಆಮೇಲೆ ತಯಾರಕರ ತಪ್ಪಿದ್ದರೆ ಅವರಿಂದ ವಸೂಲು ಮಾಡುತ್ತದೆ. ಅದೇ ದೇಶದ 2024ರ ಕಾಯ್ದೆ ಇನ್ನೂ ಮುಂದೆ ಹೋಗಿ, ಅನುಮತಿ ಪಡೆದ ಪ್ರತಿ ಕಾರಿನ ಹಿಂದೆ ಉತ್ತರದಾಯಿಯಾದ ಒಂದು ಸಂಸ್ಥೆ ಇರಲೇಬೇಕೆಂದೂ, ಕಾರು ತಾನಾಗಿ ಓಡುವಾಗ ಅದರ ಓಟಕ್ಕೆ ಸಂಬಂಧಿಸಿದ ಅಪರಾಧಗಳಿಗೆ ಒಳಗಿದ್ದವರನ್ನು ಶಿಕ್ಷಿಸಕೂಡದೆಂದೂ ಹೇಳುತ್ತದೆ. ಎಚ್ಚರವುಳ್ಳ, ಸಮರ್ಥನಾದ ಮನುಷ್ಯ ಚಾಲಕನಷ್ಟಾದರೂ ಸುರಕ್ಷಿತವಾಗಿರಬೇಕೆಂಬುದು ಅದರ ಮಾನದಂಡ. ಸರಾಸರಿ ಚಾಲಕನಿಗೆ ಸಮನಾದರೆ ಅಲ್ಲಿ ಸಾಲದು. ಅನುಮತಿಯಿಲ್ಲದ ಕಾರನ್ನು ತಾನೇ ಓಡುವ ಕಾರೆಂದು ಜನರು ಭಾವಿಸುವಂತೆ ಪ್ರಚಾರ ಮಾಡುವುದೂ ಅಪರಾಧ. ನಮಗೆ ಬೇಕಾಗಿರುವುದು ಇಂಥ ಕಾನೂನೇ.

ಕುಶಾಲನಗರದ ಶಿಕ್ಷಕಿ

ವಕೀಲರಿಗೆ ಕೃತಜ್ಞತೆಗಳು. ಆದರೆ ಒಂದು ಮಾತು ಮನಸ್ಸಿಗೆ ಒಪ್ಪುತ್ತಿಲ್ಲ. “ನೀನು ನೋಡುತ್ತಿರಬೇಕಾಗಿತ್ತು” ಎಂದು ಚಾಲಕನೊಬ್ಬನನ್ನೇ ಶಿಕ್ಷಿಸಿದರೆ, ನೋಡುವ ಅಗತ್ಯವಿಲ್ಲವೆಂಬ ನಂಬಿಕೆ ಹುಟ್ಟಿಸಿ ಮಾರಿದವರು ಪಾರಾಗುವುದಿಲ್ಲವೇ? ಬೇರೆ ದೇಶಗಳಲ್ಲಿ ಇಂಥ ಪ್ರಕರಣಗಳಲ್ಲಿ ಏನಾಗಿದೆ?

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ

ಮೇಡಂ, ತಾವು ಹೇಳಿದ್ದಕ್ಕೆ ಬಹಳ ಹತ್ತಿರವಾದ ಪ್ರಕರಣ ಅರಿಜೋನಾದ ಟೆಂಪೆ ನಗರದ್ದು. 2018ರ ಮಾರ್ಚ್ 18ರ ರಾತ್ರಿ ಊಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆದು ಅವರು ಸತ್ತರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರಿನ ಸೆನ್ಸರುಗಳು ಅವರನ್ನು ಪತ್ತೆಮಾಡಿದ್ದವು. ಆದರೆ ತಂತ್ರಾಂಶ ಅವರನ್ನು ವಾಹನವೆಂದೂ, ಬೇರೆ ವಸ್ತುವೆಂದೂ, ಸೈಕಲ್ಲೆಂದೂ ಮತ್ತೆ ಮತ್ತೆ ಬದಲಾಯಿಸಿ ಗುರುತಿಸಿತೇ ಹೊರತು ರಸ್ತೆ ದಾಟುವ ಮನುಷ್ಯರೆಂದು ಒಮ್ಮೆಯೂ ಗುರುತಿಸಲಿಲ್ಲ, ಏಕೆಂದರೆ ದಾಟಲು ಗುರುತುಮಾಡಿದ ಜಾಗವಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಸಾಧ್ಯತೆಯನ್ನು ವಿನ್ಯಾಸದಲ್ಲಿ ಪರಿಗಣಿಸಿರಲಿಲ್ಲ. ಕಾರಿನ ಮೂಲ ತಯಾರಕರು ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆ ಆಗ ಕೆಲಸ ಮಾಡದಂತೆ ಮಾಡಲಾಗಿತ್ತು. ಸೀಟಿನಲ್ಲಿದ್ದ ಉದ್ಯೋಗಿ ಮೊಬೈಲಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು 2019ರಲ್ಲಿ ತೀರ್ಮಾನಿಸಿದರು. ಆ ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋಗದೆ ಮೂರು ವರ್ಷ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿರಬೇಕಾದ ಶಿಕ್ಷೆಗೆ ಒಳಗಾದರು.

ದಾಟುಗೆರೆಯೇ ಇಲ್ಲದ ರಸ್ತೆಗಳಲ್ಲಿ ಎಲ್ಲಿ ಬೇಕೆಂದರಲ್ಲಿ ದಾಟುವ ತಮ್ಮ ಶಾಲೆಯ ಮಕ್ಕಳನ್ನು ನೆನೆದರೆ, ಆ ವಿನ್ಯಾಸ ಮಾಡಿದವರಿಗೆ ಯಾವ ಶಿಕ್ಷೆಯೂ ಆಗದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಈಚಿನ ತೀರ್ಪು ಸ್ವಲ್ಪ ಬೇರೆ ದಿಕ್ಕಿನದು. 2019ರಲ್ಲಿ ಫ್ಲೋರಿಡಾದಲ್ಲಿ ಆಟೋಪೈಲಟ್ ಎಂಬ ಚಾಲಕ ಸಹಾಯಕ ವ್ಯವಸ್ಥೆ ಚಾಲನೆಯಲ್ಲಿದ್ದ ಟೆಸ್ಲಾ ಕಾರಿನ ಚಾಲಕ ಬಿದ್ದ ಫೋನನ್ನು ಹುಡುಕಲು ಬಗ್ಗಿದಾಗ, ಕಾರು ರಸ್ತೆ ಕೊನೆಯಾಗುವ ಕೂಡುರಸ್ತೆಯನ್ನು ದಾಟಿ ನಿಂತಿದ್ದ ವಾಹನಕ್ಕೆ ಅಪ್ಪಳಿಸಿ, ಪಕ್ಕದಲ್ಲಿ ನಿಂತಿದ್ದ ಯುವತಿಯೊಬ್ಬಳು ಸತ್ತಳು. 2025ರ ಆಗಸ್ಟ್‌ನಲ್ಲಿ ಮಯಾಮಿಯ ನ್ಯಾಯಾಲಯದ ನ್ಯಾಯದರ್ಶಿಗಳು (ಜ್ಯೂರಿ) ಮೂರರಲ್ಲಿ ಎರಡು ಪಾಲು ಹೊಣೆಯನ್ನು ಚಾಲಕನಿಗೂ ಒಂದು ಪಾಲನ್ನು ಕಂಪನಿಗೂ ಹಂಚಿ, ಕಂಪನಿ ಸುಮಾರು 24.3 ಕೋಟಿ ಡಾಲರ್ ಕೊಡಬೇಕೆಂದರು. ಅಂದರೆ ಚಾಲಕನ ತಪ್ಪಿರುವುದರಿಂದ ಮಾತ್ರ ಕಂಪನಿ ತಪ್ಪಿಸಿಕೊಳ್ಳಲಾರದೆಂದು ಒಂದು ನ್ಯಾಯಾಲಯವಾದರೂ ಹೇಳಿದಂತಾಯಿತು.

ಗೋಣಿಕೊಪ್ಪದ ವಿಮಾ ಏಜೆಂಟ್

ವಿಮೆಯ ಕಡೆಯಿಂದ ಒಂದು ಕಷ್ಟವನ್ನು ತಿಳಿಸಬೇಕು. ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದರಿಂದ ಹೊರಗಿನ ಸಂತ್ರಸ್ತರಿಗೆ ಹಣ ಸಿಗುವ ದಾರಿ ಹೇಗೋ ಇದೆ. ಆದರೆ ಕೊಟ್ಟ ಹಣವನ್ನು ವಿಮಾ ಕಂಪನಿ ಕಾರು ತಯಾರಕರಿಂದ ವಸೂಲು ಮಾಡಬೇಕಾದರೆ ಆ ಕ್ಷಣದಲ್ಲಿ ಕಾರನ್ನು ಯಾರು ನಡೆಸುತ್ತಿದ್ದರು, ವ್ಯವಸ್ಥೆ ಏನನ್ನು ಕಂಡಿತ್ತು, ಚಾಲಕನನ್ನು ಎಚ್ಚರಿಸಿತ್ತೇ ಎಂಬ ದಾಖಲೆ ಬೇಕು. ಆ ದಾಖಲೆ ಇರುವುದು ತಯಾರಕರ ಬಳಿಯೇ. ನಮ್ಮ ಸರ್ವೇಯರ್ ಬಂಪರ್ ಮುರಿದದ್ದನ್ನು ನೋಡಬಲ್ಲರೇ ಹೊರತು ತಂತ್ರಾಂಶದ ಒಳಗನ್ನು ನೋಡಲಾರರು. ಹೀಗಿರುವಾಗ ವಸೂಲಿಯ ಹಕ್ಕು ಕಾಗದದಲ್ಲೇ ಉಳಿದು, ನಷ್ಟವೆಲ್ಲ ಕೊನೆಗೆ ಹೆಚ್ಚಿದ ಪ್ರೀಮಿಯಂ ರೂಪದಲ್ಲಿ ಎಲ್ಲ ವಾಹನ ಮಾಲೀಕರ ಮೇಲೆ, ಹಳೆಯ ಜೀಪು ಇಟ್ಟುಕೊಂಡವರ ಮೇಲೂ, ಬೀಳುತ್ತದೆ. ವಕೀಲರು ಹೇಳಿದ ಮಾದರಿಯ ಕಾನೂನು ಬಂದರೂ ದಾಖಲೆಯನ್ನು ಕಡ್ಡಾಯವಾಗಿ ಒಪ್ಪಿಸಬೇಕೆಂಬ ನಿಯಮ ಅದರಲ್ಲಿ ಇಲ್ಲದಿದ್ದರೆ ಅರ್ಧ ಕೆಲಸವೂ ಆಗುವುದಿಲ್ಲ.

ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್, ಮಡಿಕೇರಿ

ರಸ್ತೆಯ ಹೊಣೆಯ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತೇನೆ. ಈ ಕಾರುಗಳು ಬಿಳಿಗೆರೆಯನ್ನೂ ಫಲಕವನ್ನೂ ನಂಬುತ್ತವೆ, ಮುಂದಿನ ಹಂತದವು ನಕ್ಷೆಯನ್ನೂ ನಂಬುತ್ತವೆ. ನಮ್ಮ ಜಿಲ್ಲೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಅಳಿಸಿಹೋಗುತ್ತದೆ, ಫಲಕದ ಮೇಲೆ ಪಾಚಿ ಬೆಳೆಯುತ್ತದೆ, ಬರೆ ಜರಿದು ಮಣ್ಣು ಅರ್ಧ ರಸ್ತೆಗೆ ಬಂದಿರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ಹಿಂದಿನ ದಿನ ಇದ್ದ ರಸ್ತೆ ಮರುದಿನ ಇರಲಿಲ್ಲ. ಯಾವ ನಕ್ಷೆ ಅಷ್ಟು ಬೇಗ ಬದಲಾಗುತ್ತದೆ? 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಮೊಬೈಲ್ ನಕ್ಷೆಯನ್ನು ನಂಬಿ ಹೊರಟ ಕಾರೊಂದು ಅಪೂರ್ಣ ಸೇತುವೆಯಿಂದ ನದಿಗೆ ಬಿದ್ದು ಮೂವರು ಸತ್ತರು. ಅಲ್ಲಿ ಪೊಲೀಸರು ಲೋಕೋಪಯೋಗಿ ಇಂಜಿನಿಯರುಗಳ ಮೇಲೂ ಪ್ರಕರಣ ದಾಖಲಿಸಿದರು. ಅಡ್ಡಗಟ್ಟೆ ಹಾಕದವರ ಹೊಣೆ ಅಲ್ಲಿ ಸ್ಪಷ್ಟವಾಗಿತ್ತು.

ಮೋಟಾರು ವಾಹನ ಕಾಯ್ದೆಯ 198ಎ ಕಲಮು ಮಾನದಂಡಕ್ಕೆ ತಕ್ಕಂತೆ ರಸ್ತೆ ನಿರ್ಮಿಸದ, ನಿರ್ವಹಿಸದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ, ಅದರಿಂದ ಸಾವು ಅಥವಾ ಅಂಗವೈಕಲ್ಯವಾದರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಈ ಮೊತ್ತ ಯಾರನ್ನೂ ಎಚ್ಚರಿಸುವಷ್ಟಿಲ್ಲ. ಅದೇ ವೇಳೆಗೆ, ಕಾರಿನ ಕಂಪನಿಗಳು “ರಸ್ತೆಯಲ್ಲಿ ಗೆರೆ ಇರಲಿಲ್ಲ” ಎಂದು ಹೇಳಿ ಜಾರಿಕೊಳ್ಳಲೂ ಬಿಡಬಾರದು. ಗೆರೆಯಿಲ್ಲದ ರಸ್ತೆಗಳಿರುವ ದೇಶದಲ್ಲಿ ಮಾರುವವರು ಗೆರೆಯಿಲ್ಲದ ರಸ್ತೆಗೆ ತಕ್ಕಂತೆಯೇ ತಯಾರಿಸಬೇಕು. ಸಾಧ್ಯವಿಲ್ಲದಿದ್ದರೆ ಅಂಥ ರಸ್ತೆಯಲ್ಲಿ ಆ ವ್ಯವಸ್ಥೆ ಚಾಲನೆಗೆ ಬಾರದಂತೆ ಮಾಡಬೇಕು.

ಗಾಳಿಬೀಡಿನ ಜೀಪು ಚಾಲಕ

ನಿವೃತ್ತ ಇಂಜಿನಿಯರ್ ಸರ್ ಹೇಳಿದ ಕೊನೆಯ ಮಾತು ನನಗೆ ಬಹಳ ಸರಿಯೆನಿಸಿತು. ಉದ್ಯೋಗದ ಚಿಂತೆ ನಮಗೆ ಇದ್ದೇ ಇದೆ, ಅದನ್ನು ಬೇರೆ ಕಡೆ ಮಾತನಾಡೋಣ. ಇಲ್ಲಿ ಕೇಳುವುದು ಇಷ್ಟೇ: ನಾನು ಅಪಘಾತ ಮಾಡಿದರೆ ನನ್ನ ಪರವಾನಗಿ ಅಮಾನತಾಗಬಹುದು, ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ, ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಕಂಪನಿಗೂ ಪರವಾನಗಿಯಂಥದು ಇರಬೇಕು, ಅದನ್ನೂ ಅಮಾನತು ಮಾಡುವಂತಿರಬೇಕು.

ಸೋಮವಾರಪೇಟೆಯವನು, ಈಗ ಬೆಂಗಳೂರಿನಲ್ಲಿ

ಅಣ್ಣ, ಅಂಥದು ಒಮ್ಮೆ ನಡೆದಿದೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯನೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಪಾದಚಾರಿ ಮಹಿಳೆಯನ್ನು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಎಸೆಯಿತು. ಆ ಕಾರು ಅವರಿಗೆ ತಗುಲಿ ನಿಂತಿತು, ಆದರೆ ಆಮೇಲೆ ರಸ್ತೆಯ ಅಂಚಿಗೆ ಸರಿಯಲು ಹೋಗಿ ಕೆಳಗೆ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳ 24ರಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಕಂಪನಿಯ ಚಾಲಕರಹಿತ ಪರವಾನಗಿಯನ್ನು ಅಮಾನತು ಮಾಡಿತು. ಎಳೆದೊಯ್ದ ವಿಷಯವನ್ನು ಕಂಪನಿ ಸರಿಯಾಗಿ ತಿಳಿಸಲಿಲ್ಲವೆಂಬುದೂ ಅದರ ಒಂದು ಕಾರಣವಾಗಿತ್ತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಗೆ ಹಣ ಕೊಡುವುದನ್ನೇ ನಿಲ್ಲಿಸಿತು.

ಕುಶಾಲನಗರದ ಶಿಕ್ಷಕಿ

ಎಲ್ಲರ ಉತ್ತರಗಳಿಂದ ವಿಷಯ ಬಹಳ ಮಟ್ಟಿಗೆ ಸ್ಪಷ್ಟವಾಯಿತು. ವಕೀಲರಲ್ಲಿ ಕೊನೆಯದಾಗಿ ಒಂದು ಪ್ರಶ್ನೆ. ಹೊಸ ಕಾನೂನು ಬರುವವರೆಗೆ, ನಮ್ಮೂರಿನಲ್ಲಿ ಯಾರಿಗಾದರೂ ಇಂಥ ಕಾರಿನಿಂದ ಅಪಘಾತವಾದರೆ ಗಾಯಗೊಂಡವರ ಮನೆಯವರು ತಕ್ಷಣ ಏನು ಮಾಡಬೇಕು?

ವಿರಾಜಪೇಟೆಯ ವಕೀಲರು

ಆಸ್ಪತ್ರೆಯ ಕೆಲಸ ಮುಗಿದ ಕೂಡಲೇ, ಕಾರಿನಲ್ಲಿ ಚಾಲಕ ಸಹಾಯಕ ವ್ಯವಸ್ಥೆ ಇತ್ತೆಂಬುದನ್ನು ಪೊಲೀಸ್ ದೂರಿನಲ್ಲಿಯೇ ಬರೆಯಿಸಬೇಕು. ಮೊದಲ ಹೇಳಿಕೆಯಲ್ಲಿ ಇಲ್ಲದ ಸಂಗತಿಯನ್ನು ಆಮೇಲೆ ಸೇರಿಸುವುದು ಕಷ್ಟ. ಕಾರನ್ನು ದುರಸ್ತಿಗೆ ಬಿಡುವ ಮೊದಲು ಅದರೊಳಗಿನ ದಾಖಲೆಯನ್ನು ಕಾಪಾಡಬೇಕೆಂದು ತನಿಖಾಧಿಕಾರಿಗೂ, ಮಾಲೀಕರಿಗೂ, ತಯಾರಕ ಕಂಪನಿಗೂ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಬೇಕು. ಪರಿಹಾರದ ಅರ್ಜಿಯನ್ನು ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕೆಂಬ ಅವಧಿಯನ್ನು 2019ರ ತಿದ್ದುಪಡಿ ಮತ್ತೆ ತಂದಿರುವುದರಿಂದ ಕಾಯುತ್ತ ಕೂರಬಾರದು.

ವಿಮಾ ಏಜೆಂಟರು ಹೇಳಿದ ದಾಖಲೆಯ ಸಮಸ್ಯೆಗೆ ಇಂದಿನ ಕಾನೂನಿನಲ್ಲೇ ಒಂದಿಷ್ಟು ಪರಿಹಾರವಿದೆ. ಸಾಕ್ಷಿಗಳನ್ನು ಕರೆಸಲು, ದಸ್ತಾವೇಜುಗಳನ್ನು ಹಾಜರುಪಡಿಸುವಂತೆ ಆದೇಶಿಸಲು ಮೋಟಾರು ವಾಹನ ಕಾಯ್ದೆಯ 169ನೆಯ ಕಲಮು ನ್ಯಾಯಮಂಡಳಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳನ್ನು ಕೊಟ್ಟಿದೆ. ಆದ್ದರಿಂದ ಅರ್ಜಿಯ ಜೊತೆಗೇ ಕಂಪನಿಯಿಂದ ಆ ನಿಮಿಷಗಳ ದಾಖಲೆಯನ್ನು ತರಿಸಬೇಕೆಂದು ಕೇಳಿಕೊಳ್ಳಬಹುದು. ಕೊಡಬಹುದಾದ ಸಾಕ್ಷ್ಯವನ್ನು ಕೊಡದೆ ತಡೆಹಿಡಿದರೆ ಅದು ತಡೆಹಿಡಿದವರಿಗೆ ಪ್ರತಿಕೂಲವಾಗಿಯೇ ಇತ್ತೆಂದು ಭಾವಿಸಲು ಸಾಕ್ಷ್ಯ ಕಾನೂನು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಇಂಥ ಪ್ರಕರಣ ನನ್ನ ಬಳಿ ಬಂದರೆ ನಾನು ಮೊದಲು ಹಾಕುವ ಅರ್ಜಿಯೇ ಇದು.